ಟಾಲಾ ಮೈದಾನಕ್ಕೆ ಒಮ್ಮೆ ಬನ್ನಿ: ಐರ್ಲೆಂಡ್‌ಗೆ ಹೊಸದಾಗಿ ಬಂದ ಕನ್ನಡಿಗರಿಗೆ

ಮೊದಲು ಊರಿನ ಹೆಸರು ಸರಿ ಮಾಡಿಕೊಳ್ಳೋಣ. ಡಬ್ಲಿನ್‌ನಲ್ಲಿ ಲುವಾಸ್ ಟ್ರಾಮಿನ ರೆಡ್ ಲೈನ್ ಹತ್ತಿದರೆ ಕೊನೆಯ ನಿಲ್ದಾಣದ ಹೆಸರು ಬೋರ್ಡಿನ ಮೇಲೆ ಕಾಣುತ್ತದೆ. ನಾವು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದರೆ ಅದು 'ಟಲ್ಲಾಗ್ಟ್' ಆಗುತ್ತದೆ. ಇಲ್ಲಿಯವರು ಹೇಳುವುದು 'ಟಾಲಾ'. ಊರಿನ ನೈಋತ್ಯಕ್ಕೆ, ಬೆಟ್ಟಗಳ ಬುಡದಲ್ಲಿರುವ ದೊಡ್ಡ ಬಡಾವಣೆ. ಅಲ್ಲೊಂದು ದೊಡ್ಡ ಆಸ್ಪತ್ರೆ ಇದೆ. ಅಲ್ಲಿಂದ ನಡೆದೇ ಹೋಗುವಷ್ಟು ದೂರದಲ್ಲಿ ಟಾಲಾ ಸ್ಟೇಡಿಯಂ ಇದೆ. ಐರ್ಲೆಂಡ್ ಮಹಿಳಾ ಫುಟ್‌ಬಾಲ್ ತಂಡ ವರ್ಷಗಳಿಂದ ತವರಿನ ಪಂದ್ಯಗಳನ್ನು ಜಾಸ್ತಿ ಆಡಿರುವುದು ಇಲ್ಲೇ.

ಹೊಸದಾಗಿ ಬಂದವರು ನನ್ನ ಹತ್ತಿರ ಬಾಡಿಗೆ ಮನೆ, ಪಿಪಿಎಸ್ ನಂಬರ್ (ಇಲ್ಲಿಯ ಸರ್ಕಾರಿ ಗುರುತಿನ ಸಂಖ್ಯೆ), ಸ್ಕೂಲ್ ಸೀಟು, ಸೋನಾ ಮಸೂರಿ ಅಕ್ಕಿ, ಎಲ್ಲವನ್ನೂ ಕೇಳುತ್ತಾರೆ. ಗೊತ್ತಿರುವುದನ್ನು ಹೇಳುತ್ತೇನೆ. ಕೊನೆಗೆ ಅವರು ಕೇಳದೇ ಇದ್ದರೂ ಒಂದು ಮಾತು ಸೇರಿಸುತ್ತೇನೆ: ಹೆಣ್ಣುಮಕ್ಕಳ ಒಂದು ಮ್ಯಾಚಿಗೆ ಹೋಗಿ ಬನ್ನಿ, ಮನೆಯವರನ್ನೆಲ್ಲ ಕರೆದುಕೊಂಡು ಹೋಗಿ. ಈ ದೇಶದ ಜನರ ಮಧ್ಯೆ ಕೂತು ಅವರ ಜೊತೆಗೇ ಕೂಗುವ ಅವಕಾಶ ಹೊಸಬರಿಗೆ ಇಷ್ಟು ಸುಲಭವಾಗಿ ಇನ್ನೆಲ್ಲೂ ಸಿಗುವುದಿಲ್ಲ.

ಹೋಗುವ ಮುಂಚೆ ಒಂದು ಗೊಂದಲ ಬಗೆಹರಿಸಿಕೊಳ್ಳಿ. ಆಫೀಸಿನಲ್ಲಿ ಕೆರ್ರಿಯೋ ಮೇಯೋವೋ ಅಂಥ ಕೌಂಟಿಯವರು (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) 'ಫುಟ್‌ಬಾಲ್' ಅಂದರೆ ಸಾಮಾನ್ಯವಾಗಿ ಅವರ ಮನಸ್ಸಿನಲ್ಲಿರುವುದು ಗೇಲಿಕ್ ಫುಟ್‌ಬಾಲ್. ಅದರಲ್ಲಿ ಚೆಂಡನ್ನು ಕೈಯಲ್ಲೂ ಹಿಡಿಯುತ್ತಾರೆ, ಗೋಲಿನ ಕಂಬ ಇಂಗ್ಲಿಷಿನ 'ಎಚ್' ಅಕ್ಷರದ ಹಾಗೆ ಇರುತ್ತದೆ. ನಾವು ಫುಟ್‌ಬಾಲ್ ಅನ್ನುವ ಆಟಕ್ಕೆ ಇಲ್ಲಿ 'ಸಾಕರ್' ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಎರಡೂ ಆಟ ಆಡಿ ಬೆಳೆದ ಹುಡುಗಿಯರು ರಾಷ್ಟ್ರೀಯ ತಂಡದಲ್ಲಿ ಬಹಳ ಮಂದಿ. ಗಾಲ್ವೇಯ ನೀವ್ ಫೇಹಿ 2004ರಲ್ಲಿ ತಮ್ಮ ಕೌಂಟಿಯ ಜೊತೆ ಗೇಲಿಕ್‌ನಲ್ಲಿ ಅಖಿಲ ಐರ್ಲೆಂಡ್ ಪ್ರಶಸ್ತಿ ಗೆದ್ದವರು. ಆಮೇಲೆ ವರ್ಷಾನುಗಟ್ಟಲೆ ದೇಶಕ್ಕೆ ಸಾಕರ್ ಆಡಿದರು. ಇನ್ನೊಂದು ವಿಷಯ: ಉತ್ತರ ಐರ್ಲೆಂಡ್‌ಗೆ ಬೇರೆಯದೇ ತಂಡ ಇದೆ. ಎರಡನ್ನೂ ಒಂದೇ ಅಂದುಕೊಂಡು ಮಾತಾಡಬೇಡಿ.

ಹೆಸರುಗಳ ಬಗ್ಗೆಯೂ ಹೇಳಿಬಿಡುತ್ತೇನೆ. ಐರಿಷ್ ಹೆಸರುಗಳ ಬರಹ ಒಂದು, ಉಚ್ಚಾರ ಇನ್ನೊಂದು. ಈಗ ಹೇಳಿದೆನಲ್ಲ, 'ನೀವ್', ಅದರ ಸ್ಪೆಲ್ಲಿಂಗ್ ನೋಡಿದರೆ 'ನಿಯಾಮ್' ಅಂತ ಓದುತ್ತೇವೆ. ನಮ್ಮ 'ನೀವು' ಅನ್ನುವುದನ್ನು ಕೊನೆಯಲ್ಲಿ ಸ್ವಲ್ಪ ಮೊಟಕು ಮಾಡಿದರೆ ಸರಿಯಾದ ಉಚ್ಚಾರ ಬಂತು. ಹಾಗೇ 'ಈಫಾ', 'ಸೀರ್ಶಾ', 'ಶಿನೇಡ್'. ತಂಡದ ಪಟ್ಟಿ ಇಟ್ಟುಕೊಂಡು ಟಿವಿಯಲ್ಲಿ ಕಾಮೆಂಟರಿ ಕೇಳಿ. ಮಗುವಿನ ಕ್ಲಾಸಿನ ಅರ್ಧ ಹೆಸರುಗಳು ನಾಲಿಗೆಗೆ ಬಂದುಬಿಡುತ್ತವೆ. ನಾನು ಕಲಿತದ್ದೇ ಹೀಗೆ. ನಮ್ಮ ಹೆಸರನ್ನು ಯಾರಾದರೂ ಸರಿಯಾಗಿ ಹೇಳಿದಾಗ ಎಷ್ಟು ಖುಷಿ ಆಗುತ್ತದೆ, ಅವರಿಗೂ ಅಷ್ಟೇ ಆಗುತ್ತದೆ.

ಈ ತಂಡದ ಮೇಲೆ ಜನರಿಗೆ ಇಷ್ಟು ಪ್ರೀತಿ ಯಾಕೆ ಅಂತ ತಿಳಿಯಬೇಕಾದರೆ 2017ಕ್ಕೆ ಹೋಗಬೇಕು. ಲಿಫಿ ನದಿಯ ದಡದಲ್ಲಿ ಲಿಬರ್ಟಿ ಹಾಲ್ ಅನ್ನುವ ಎತ್ತರದ ಕಟ್ಟಡ ಇದೆ, ಕಾರ್ಮಿಕ ಸಂಘದ ಕಚೇರಿ. ರೆಡ್ ಲೈನ್ ಟ್ರಾಮ್ ಅದರ ಹತ್ತಿರವೇ ಹಾದುಹೋಗುತ್ತದೆ. ಆ ಏಪ್ರಿಲ್‌ನಲ್ಲಿ ದೇಶದ ತಂಡದ ಹುಡುಗಿಯರು ಅಲ್ಲಿ ಸಾಲಾಗಿ ಕೂತು ಪತ್ರಕರ್ತರ ಮುಂದೆ ಮಾತಾಡಿದರು. ಕಿರಿಯರ ತಂಡಗಳ ಜೊತೆ ಹಂಚಿಕೊಳ್ಳಬೇಕಾದ ಟ್ರ್ಯಾಕ್‌ಸೂಟ್, ವಿಮಾನ ನಿಲ್ದಾಣದ ಶೌಚಾಲಯದಲ್ಲಿ ಅದನ್ನು ಬದಲಾಯಿಸಿ ವಾಪಸ್ ಕೊಡಬೇಕಾದ ಪರಿಸ್ಥಿತಿ, ಕೆಲಸಕ್ಕೆ ರಜೆ ಹಾಕಿ ಬಂದು ಆಡಿದರೆ ಕಳೆದುಕೊಳ್ಳುವ ಸಂಬಳ, ಎಲ್ಲವನ್ನೂ ಹೇಳಿದರು. ಅವರು ದೇಶದ ಜರ್ಸಿ ಹಾಕಿ ಆಡುವವರು! ಆಗಿನ ನಾಯಕಿ, ಗೋಲ್‌ಕೀಪರ್ ಎಮ್ಮಾ ಬರ್ನ್ ಮುಂದೆ ನಿಂತರು. ಸರಿ ಮಾಡದಿದ್ದರೆ ಸ್ಲೊವಾಕಿಯಾ ವಿರುದ್ಧದ ಮ್ಯಾಚ್ ಆಡುವುದಿಲ್ಲ ಅಂದರು. ಒಂದೆರಡು ದಿನದಲ್ಲಿ ಒಪ್ಪಂದ ಆಯಿತು. 2021ರ ಆಗಸ್ಟ್‌ನಲ್ಲಿ ಗಂಡಸರ ತಂಡಕ್ಕೂ ಹೆಂಗಸರ ತಂಡಕ್ಕೂ ಮ್ಯಾಚ್ ಫೀ ಸಮ ಆಯಿತು. ಅದಕ್ಕಾಗಿ ಗಂಡಸರ ತಂಡದವರು ತಮ್ಮ ಪಾಲು ಕಡಿಮೆ ಮಾಡಿಕೊಂಡರು. ಕೆಲಸದ ಜಾಗದಲ್ಲಿ ಬಾಯಿ ಬಿಟ್ಟು ಕೇಳಲು ಹಿಂಜರಿಯುವ ನಮ್ಮಂಥವರಿಗೆ ಈ ಕಥೆ ಗೊತ್ತಿರಬೇಕು ಅಂತ ನನ್ನ ಆಸೆ.

ಅದೇ 2017ರಲ್ಲಿ ಕೇಟಿ ಮಕೇಬ್ ನಾಯಕಿಯಾದರು. ಆಗ ವಯಸ್ಸು 21. ಟಾಲಾ ಹತ್ತಿರದ ಕಿಲ್ನಮನಾದವರು, ಮನೆ ತುಂಬಾ ಮಕ್ಕಳಿದ್ದ ಕುಟುಂಬ, ಒಟ್ಟು 11 ಜನ. ಈಗ ಆ ಕಡೆಯ ಮಕ್ಕಳಿಗೆ ಕೇಟಿ ಅಂದರೆ ಪಕ್ಕದ ಬೀದಿಯ ಅಕ್ಕ. 2025ರಲ್ಲಿ ಇಂಗ್ಲೆಂಡ್‌ನ ಆರ್ಸೆನಲ್ ಕ್ಲಬ್ ಜೊತೆ ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಗೆದ್ದರು.

ನಾನು ಈ ತಂಡಕ್ಕೆ ಪೂರ್ತಿ ಸೋತದ್ದು 2022ರ ಅಕ್ಟೋಬರ್ 11ರ ರಾತ್ರಿ. ಅದಕ್ಕೆ ನಾಲ್ಕು ದಿನ ಮೊದಲು ಡೊನೆಗಾಲ್ ಕೌಂಟಿಯ ಕ್ರೀಸ್ಲೋ ಅನ್ನುವ ಸಣ್ಣ ಹಳ್ಳಿಯ ಪೆಟ್ರೋಲ್ ಬಂಕ್‌ನಲ್ಲಿ ಸ್ಫೋಟವಾಗಿ 10 ಜನ ತೀರಿಕೊಂಡಿದ್ದರು. ಅವರಲ್ಲಿ 5 ವರ್ಷದ ಮಗುವೂ ಇತ್ತು. ದೇಶಕ್ಕೆ ದೇಶವೇ ಮಂಕಾಗಿತ್ತು. ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ, ಡೊನೆಗಾಲ್‌ನವರು. ಅವರ ಕಿಟಕಿಯಲ್ಲಿ ಮೂರು ದಿನದಿಂದ ಮೇಣದ ಬತ್ತಿ ಉರಿಯುತ್ತಿತ್ತು. ಅವತ್ತು ಗ್ಲಾಸ್ಗೋದ ಹ್ಯಾಂಪ್ಡನ್ ಪಾರ್ಕ್‌ನಲ್ಲಿ ಸ್ಕಾಟ್ಲೆಂಡ್ ವಿರುದ್ಧ ಪ್ಲೇ-ಆಫ್. ಗೆದ್ದರೆ ಮೊದಲ ಸಲ ವಿಶ್ವಕಪ್. ಒಬ್ಬರೇ ಕೂತಿರುತ್ತಾರಲ್ಲ ಅಂತ ನಾನೂ ಮಗಳೂ ಅವರ ಮನೆಗೆ ಹೋಗಿ ಕೂತೆವು.

ಶುರುವಿನಲ್ಲೇ ಸ್ಕಾಟ್ಲೆಂಡ್‌ಗೆ ಪೆನಾಲ್ಟಿ ಸಿಕ್ಕಿತು. ಕ್ಯಾರೋಲಿನ್ ವಿಯರ್ ಹೊಡೆದ ಚೆಂಡನ್ನು ಕೋರ್ಟ್ನಿ ಬ್ರೋಸ್ನನ್ ತಡೆದರು. ಅಜ್ಜಿ ಶಿಲುಬೆ ಗುರುತು ಮಾಡಿಕೊಂಡರು. 72ನೇ ನಿಮಿಷದಲ್ಲಿ, ಬದಲಿ ಆಟಗಾರ್ತಿಯಾಗಿ ಬಂದಿದ್ದ ಆಂಬರ್ ಬ್ಯಾರೆಟ್ ಒಬ್ಬರೇ ಚೆಂಡಿನ ಹಿಂದೆ ಓಡಿ ಗೋಲು ಹೊಡೆದರು. ಓಡಿ ಹೋಗಿ ಕುಣಿಯುತ್ತಾರೆ ಅಂದುಕೊಂಡೆ. ಅವರು ಮಂಡಿಯೂರಿ ತೋಳಿನ ಕಪ್ಪು ಪಟ್ಟಿಯನ್ನು ಮುಟ್ಟಿದರು. ಬ್ಯಾರೆಟ್ ಕೂಡ ಡೊನೆಗಾಲ್‌ನವರೇ, ಕ್ರೀಸ್ಲೋ ಪಕ್ಕದ ಮಿಲ್ಫರ್ಡ್‌ನವರು. ಗೆಲುವನ್ನು ತೀರಿಕೊಂಡ 10 ಜನಕ್ಕೆ ಅರ್ಪಿಸಿದರು. ಅಜ್ಜಿ ನನ್ನ ಕೈ ಹಿಡಿದುಕೊಂಡು 'ನಮ್ಮೂರ ಹುಡುಗಿ, ನಮ್ಮೂರ ಹುಡುಗಿ' ಅಂತ ಹೇಳುತ್ತಲೇ ಇದ್ದರು. ಕೈ ಬಿಡಲೇ ಇಲ್ಲ. ಆಟ 1-0ರಲ್ಲಿ ಮುಗಿಯಿತು. ಇಲ್ಲಿಗೆ ಬಂದು ಅಷ್ಟು ವರ್ಷ ಆಗಿದ್ದರೂ ಈ ದೇಶದವರ ದುಃಖವನ್ನು ಅಷ್ಟು ಹತ್ತಿರದಿಂದ ನೋಡಿದ್ದು ನನಗೆ ಅದೇ ಮೊದಲು.

1973ರಲ್ಲಿ ವೇಲ್ಸ್ ವಿರುದ್ಧ ಮೊದಲ ಅಧಿಕೃತ ಪಂದ್ಯ ಆಡಿದ ತಂಡ ವಿಶ್ವಕಪ್ ತಲುಪಿದ್ದು 50 ವರ್ಷದ ಮೇಲೆ, 2023ರಲ್ಲಿ. ಬೆಂಗಳೂರಿನ ಅರ್ಧದಷ್ಟೂ ಜನ ಇಲ್ಲದ ದೇಶ, ಸುಮಾರು 50 ಲಕ್ಷ ಅಷ್ಟೇ. ಸಿಡ್ನಿಯಲ್ಲಿ 75,784 ಜನರ ಮುಂದೆ ಆಸ್ಟ್ರೇಲಿಯಾಕ್ಕೆ 0-1ರಿಂದ ಸೋತರು. ಇಲ್ಲಿ ಆಗ ಗುರುವಾರ ಬೆಳಗ್ಗೆ 11 ಗಂಟೆ, ಆಫೀಸಿನಲ್ಲಿ ಕೆಲಸ ಮಾಡಿದವರೇ ಕಡಿಮೆ. ಆಮೇಲೆ ಪರ್ತ್‌ನಲ್ಲಿ ಕೆನಡಾ ವಿರುದ್ಧ ನಾಲ್ಕನೇ ನಿಮಿಷದಲ್ಲಿ ಮಕೇಬ್ ಹೊಡೆದ ಕಾರ್ನರ್ ಗಾಳಿಯಲ್ಲಿ ತಿರುಗಿ ನೇರವಾಗಿ ಗೋಲಿನೊಳಗೆ ಹೋಯಿತು. ಮಹಿಳಾ ವಿಶ್ವಕಪ್‌ನಲ್ಲಿ ಐರ್ಲೆಂಡ್‌ನ ಮೊದಲ ಗೋಲು. ಆ ಮ್ಯಾಚ್ 1-2ರಿಂದ ಕೈತಪ್ಪಿತು, ನೈಜೀರಿಯಾ ಜೊತೆ 0-0, ಅಲ್ಲಿಗೆ ವಾಪಸ್. ಆದರೆ ಆ ಕಾರ್ನರ್ ಬಗ್ಗೆ ಇವತ್ತು ಯಾವ ಟ್ಯಾಕ್ಸಿಯವರನ್ನು ಕೇಳಿದರೂ ಹೇಳುತ್ತಾರೆ, ಕೇಳಿ ನೋಡಿ.

ಈಗ ಮ್ಯಾಚಿಗೆ ಹೋಗುವ ವಿಷಯ. ಎಲ್ಲ ಪಂದ್ಯಗಳೂ ಟಾಲಾದಲ್ಲೇ ನಡೆಯುವುದಿಲ್ಲ. ದೊಡ್ಡ ಪಂದ್ಯಗಳನ್ನು ಲ್ಯಾನ್ಸ್‌ಡೌನ್ ರೋಡ್‌ನ ಅವೀವಾ ಸ್ಟೇಡಿಯಂನಲ್ಲಿ ಇಡುತ್ತಾರೆ. ಅಲ್ಲಿಗೆ ಡಾರ್ಟ್ ರೈಲು ಮೈದಾನದ ಬಾಗಿಲಿಗೇ ಬಿಡುತ್ತದೆ. ಈ ತಂಡ ಅವೀವಾದಲ್ಲಿ ಮೊದಲ ಬಾರಿ ಆಡಿದ್ದು 2023ರ ಸೆಪ್ಟೆಂಬರ್‌ನಲ್ಲಿ. ಉತ್ತರ ಐರ್ಲೆಂಡ್ ವಿರುದ್ಧ 3-0, ಬಂದ ಜನ 35,944. ಕಾರ್ಕ್‌ನಲ್ಲಿರುವ ಕನ್ನಡಿಗರು ಬೇಜಾರು ಮಾಡಿಕೊಳ್ಳಬೇಡಿ. 2024ರ ಜುಲೈನಲ್ಲಿ ಅಲ್ಲಿನ ಗೇಲಿಕ್ ಮೈದಾನ ಪಾರ್ಕ್ ಈ ಕೀವ್‌ನಲ್ಲಿ ಫ್ರಾನ್ಸ್‌ನಂಥ ತಂಡವನ್ನು 3-1ರಿಂದ ಸೋಲಿಸಿದರು. ಕಾರ್ಕ್‌ನವರೇ ಆದ ಡೆನಿಸ್ ಒ'ಸಲಿವನ್ ಅವತ್ತು ಒಂದು ಗೋಲು ಹೊಡೆದರು. ಹಿಂದಿನ ವರ್ಷವಷ್ಟೇ ತಾಯಿಯಾಗಿದ್ದ ಜೂಲಿ-ಆನ್ ರಸೆಲ್ ಇನ್ನೊಂದು. ಬಾಣಂತನ ಮುಗಿಸಿ ಮತ್ತೆ ಕೆಲಸಕ್ಕೆ ಹೊರಟ ತಾಯಂದಿರು ಆ ಗೋಲನ್ನು ಒಮ್ಮೆ ನೋಡಲೇಬೇಕು.

ಆದರೂ ನನ್ನ ಸಲಹೆ, ಮೊದಲ ಸಲ ಟಾಲಾಗೇ ಹೋಗಿ. ಸಣ್ಣ ಮೈದಾನ, ಸುಮಾರು 10,000 ಜನ ಹಿಡಿಯುತ್ತದೆ. ಆಟಗಾರ್ತಿಯರು ಒಬ್ಬರನ್ನೊಬ್ಬರು ಕೂಗಿ ಕರೆಯುವುದು, ಚೆಂಡಿಗೆ ಕಾಲು ತಗಲುವ ಸದ್ದು, ಎಲ್ಲ ಕಿವಿಗೆ ಬೀಳುತ್ತದೆ. ಬಂದವರಲ್ಲಿ ಅರ್ಧ ಮಕ್ಕಳೇ. ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಮ್ಯಾಚ್ ನೋಡಿದವರಿಗೆ ಡೋಲಿನ ಅಬ್ಬರ ನೆನಪಿರುತ್ತದೆ. ಇಲ್ಲಿ ಅದರ ಬದಲು ಎಳೆಯ ಗಂಟಲುಗಳ ಕಿರುಚಾಟ ಜಾಸ್ತಿ. ಮೊದಲಿಗೆ ರಾಷ್ಟ್ರಗೀತೆ, ಅದನ್ನು ಐರಿಷ್ ಭಾಷೆಯಲ್ಲಿ ಹಾಡುತ್ತಾರೆ. ಎದ್ದು ನಿಲ್ಲಿ. ಅರ್ಥವಾಗದಿದ್ದರೂ ಪರವಾಗಿಲ್ಲ. ಮುಗಿದ ಮೇಲೆ ಓಡಿಬಿಡಬೇಡಿ. ಆಟಗಾರ್ತಿಯರು ಮೈದಾನದ ಸುತ್ತ ಬರುತ್ತಾರೆ. ಮಕ್ಕಳು ಕಂಬಿಗೆ ಒರಗಿ ರಟ್ಟಿನ ಫಲಕ ಹಿಡಿದು ನಿಂತಿರುತ್ತಾರೆ. ನನ್ನ ಮಗಳ ಹಸಿರು ಜರ್ಸಿಯ ತೋಳಿನ ಮೇಲೆ ಒಂದು ಸಹಿ ಇದೆ. ಮಳೆಗೆ ನೆನೆದು ಶಾಯಿ ಹರಡಿ ಯಾರ ಹೆಸರು ಅಂತ ಈಗ ಓದಲು ಬರುವುದಿಲ್ಲ. ಅದನ್ನು ಒಗೆಯಲು ಮಾತ್ರ ಇವತ್ತಿಗೂ ಬಿಟ್ಟಿಲ್ಲ.

ಮಳೆ ಅಂದೆನಲ್ಲ. ಬೇಸಿಗೆ ಅಂತ ನಂಬಿ ಬರೀ ಜರ್ಸಿಯಲ್ಲಿ ಹೋಗಬೇಡಿ. ಒಳಗೆ ಥರ್ಮಲ್, ಮೇಲೆ ಟೋಪಿ ಇರುವ ಮಳೆ ಜಾಕೆಟ್. ಛತ್ರಿ ಬಿಚ್ಚಿದರೆ ಹಿಂದಿನವರಿಗೆ ಕಾಣುವುದಿಲ್ಲ. ಸಸ್ಯಾಹಾರಿಗಳಿಗೆ ಅಲ್ಲಿ ಸಿಗುವುದು ಚಿಪ್ಸ್, ಅಷ್ಟೇ ಅಂದುಕೊಂಡು ಹೊರಡಿ. ಸುಮ್ನೆ ಮನೆಯಲ್ಲೇ ಬಿಸಿ ಬಿಸಿ ಊಟ ಮಾಡಿ ಹೋಗುವುದು ಒಳ್ಳೆಯದು. ಟಿಕೆಟನ್ನು ಫುಟ್‌ಬಾಲ್ ಸಂಸ್ಥೆಯ ವೆಬ್‌ಸೈಟಿನಲ್ಲೇ ತೆಗೆದುಕೊಳ್ಳಿ. ಹೋಗಲು ಆಗದಿದ್ದರೆ ಆರ್‌ಟಿಇ ಟಿವಿ ಚಾನೆಲ್ಲಿನಲ್ಲಿ ಪಂದ್ಯಗಳು ಬರುತ್ತವೆ.

ಸೋಲೂ ನೋಡಬೇಕಾಗುತ್ತದೆ. ಯುರೋಪಿನ ದೇಶಗಳ ಯುರೋ ಟೂರ್ನಿಗೆ ಈ ತಂಡ ಇಲ್ಲಿವರೆಗೆ ಒಮ್ಮೆಯೂ ಹೋಗಿಲ್ಲ. 2024ರ ಡಿಸೆಂಬರ್ 3ರಂದು ಅವೀವಾದಲ್ಲಿ ವೇಲ್ಸ್ ವಿರುದ್ಧ ಗೆದ್ದಿದ್ದರೆ ಹೋಗುತ್ತಿದ್ದರು. 1-2ರಿಂದ ಸೋತರು. ಆ ಚಳಿಯಲ್ಲಿ ನನ್ನ ಮಗಳು ಬಿಕ್ಕಿ ಬಿಕ್ಕಿ ಅತ್ತಳು. ಮುಂದಿನ ಸೀಟಿನಲ್ಲಿದ್ದ ಗುರುತಿಲ್ಲದ ಹೆಂಗಸು ತಿರುಗಿ ತನ್ನ ಹಸಿರು ಶಾಲನ್ನು ಅವಳ ಕುತ್ತಿಗೆಗೆ ಸುತ್ತಿದರು. ವಾಪಸ್ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಮುಂದಿನ ವರ್ಷ ಕಾರ್ಲಾ ವಾರ್ಡ್ ಕೋಚ್ ಆಗಿ ಬಂದರು. 2025ರ ಅಕ್ಟೋಬರ್‌ನಲ್ಲಿ ಬೆಲ್ಜಿಯಂ ತಂಡವನ್ನು ಎರಡು ಪಂದ್ಯ ಸೇರಿ 5-4ರಿಂದ ಸೋಲಿಸಿ ನೇಷನ್ಸ್ ಲೀಗ್‌ನ ಮೇಲಿನ ಗುಂಪಿಗೆ ಹತ್ತಿದರು. ಮಗಳು ಆ ಶಾಲು ಹಾಕಿಕೊಂಡೇ ಟಿವಿ ಮುಂದೆ ಕೂತಿದ್ದಳು.

ಹೆಣ್ಣುಮಕ್ಕಳಿದ್ದರೆ ಹತ್ತಿರದ ಕ್ಲಬ್ಬಿಗೆ ಸೇರಿಸಿ. 'ಬಿಸಿಲು-ಮಳೆಯಲ್ಲಿ ಆಡಿ ಹುಷಾರು ತಪ್ಪುತ್ತಾಳೆ' ಅಂತ ಊರಿಂದ ಫೋನ್ ಬರುತ್ತದೆ, ನನಗೂ ಬಂದಿತ್ತು. ಇಲ್ಲಿ ಕ್ಲಬ್ ನಡೆಸುವವರು ಅಪ್ಪ-ಅಮ್ಮಂದಿರೇ, ಸಂಬಳವಿಲ್ಲದೆ ದುಡಿಯುವವರು. ತೀರಾ ಸಣ್ಣ ಮಕ್ಕಳ ಮ್ಯಾಚಿಗೆ ಪಾಯಿಂಟ್ಸ್ ಟೇಬಲ್ ಇಡುವುದಿಲ್ಲ, ಹಾಗಾಗಿ ಪಕ್ಕದಲ್ಲಿ ನಿಂತು 'ಹೊಡಿ, ಹೊಡಿ' ಅಂತ ಕೂಗಬೇಡಿ. ಬೂಟು ಮತ್ತು ಶಿನ್ ಪ್ಯಾಡ್ ಸಾಕು. ಬೂಟು ಹಳೆಯದಾದರೂ ನಡೆಯುತ್ತದೆ, ಬೆಳೆಯುವ ಕಾಲಿಗೆ ಹೊಸದು ಯಾಕೆ? ಹೆಸರು ಬರೆಸುವವರು ಬೇಗ ಹೋಗಿ, ವೇಟಿಂಗ್ ಲಿಸ್ಟ್ ಇರುವುದು ಮಾಮೂಲು. ನೀವೂ ಸಹಾಯ ಮಾಡುತ್ತೇನೆ ಅಂತ ಹೇಳಿ. ಮಕ್ಕಳ ಜೊತೆ ಕೆಲಸ ಮಾಡುವವರಿಗೆ ಗಾರ್ಡ ವೆಟ್ಟಿಂಗ್, ಅಂದರೆ ಪೊಲೀಸ್ ಪರಿಶೀಲನೆ ಕಡ್ಡಾಯ. ಅದು ಎಲ್ಲರಿಗೂ ಇರುವ ನಿಯಮ, ತಪ್ಪು ತಿಳಿಯಬೇಡಿ. ಚೆಂಡುಗಳ ಚೀಲ ಹೊತ್ತುಕೊಂಡು ಹೋಗುವಾಗ ಆಗುವ ಪರಿಚಯ ಆಫೀಸಿನಲ್ಲಿ ವರ್ಷಗಟ್ಟಲೆ ಕೂತರೂ ಆಗುವುದಿಲ್ಲ.

'ನಮ್ಮ ಮಕ್ಕಳು ಈ ದೇಶದ ತಂಡದಲ್ಲಿ ಆಡಬಹುದಾ?' ಅಂತ ಒಬ್ಬರು ಅಪ್ಪ ನನ್ನನ್ನು ಕೇಳಿದ್ದರು. ಗೋಲ್‌ಕೀಪರ್ ಬ್ರೋಸ್ನನ್ ಹುಟ್ಟಿದ್ದು ಅಮೆರಿಕದ ನ್ಯೂಜೆರ್ಸಿಯಲ್ಲಿ, ಈಫಾ ಮ್ಯಾನಿಯನ್ ಇಂಗ್ಲೆಂಡ್‌ನಲ್ಲಿ. ಕೆಲಸ ಹುಡುಕಿ ದೇಶ ಬಿಟ್ಟವರ ಮನೆಯ ಮಕ್ಕಳು ತಿರುಗಿ ಬಂದು ಹಸಿರು ಜರ್ಸಿ ಹಾಕಿದ್ದಾರೆ. ನಮ್ಮ ಮಕ್ಕಳಿಗೆ ಬೇಕಾಗುವುದು ಐರಿಷ್ ಪೌರತ್ವ. 2005ರಿಂದ ಇಲ್ಲಿ ಹುಟ್ಟಿದ ಮಾತ್ರಕ್ಕೆ ಅದು ಬರುವುದಿಲ್ಲ, ಅಪ್ಪ-ಅಮ್ಮ ಇಲ್ಲಿದ್ದ ವರ್ಷಗಳ ಲೆಕ್ಕ ಇದೆ. ಅದನ್ನು ತೆಗೆದುಕೊಂಡರೆ ಭಾರತದ ಪಾಸ್‌ಪೋರ್ಟ್ ಬಿಡಬೇಕಾಗುತ್ತದೆ. ಅದು ಪ್ರತಿ ಮನೆಯವರೂ ಕೂತು ಮಾತಾಡಬೇಕಾದ ವಿಷಯ. ಆಟಕ್ಕೆ ಸೇರಿಸಲು ಮಾತ್ರ ಯಾವ ಪಾಸ್‌ಪೋರ್ಟೂ ಬೇಡ, ಈ ಶನಿವಾರವೇ ಕರೆದುಕೊಂಡು ಹೋಗಬಹುದು.

ಕೊನೆಗೆ ದಾರಿ. ರೆಡ್ ಲೈನ್ ಬೆಲ್ಗಾರ್ಡ್‌ನಲ್ಲಿ ಎರಡಾಗಿ ಒಡೆಯುತ್ತದೆ, ಒಂದು ಟಾಲಾಗೆ, ಇನ್ನೊಂದು ಸ್ಯಾಗರ್ಟ್‌ಗೆ. ಬೋರ್ಡು ನೋಡಿ ಹತ್ತಿ. ಸ್ಯಾಗರ್ಟ್ ಟ್ರಾಮ್ ಹತ್ತಿಬಿಟ್ಟಿದ್ದರೆ ಬೆಲ್ಗಾರ್ಡ್‌ನಲ್ಲಿ ಇಳಿದು ಹಿಂದೆ ಬರುವ ಟಾಲಾ ಟ್ರಾಮಿಗೆ ಕಾಯಿರಿ. ಸಿಟಿ ಮಧ್ಯದಿಂದ ಮುಕ್ಕಾಲು ಗಂಟೆಗಿಂತ ಜಾಸ್ತಿಯೇ ಹಿಡಿಯುತ್ತದೆ. ಟಾಲಾದಲ್ಲಿ ಇಳಿದ ಮೇಲೆ ಹಸಿರು ಜರ್ಸಿಯವರ ಹಿಂದೆ ನಡೆದರೆ ಸಾಕು. ಲೀಪ್ ಕಾರ್ಡನ್ನು (ಬಸ್ಸು, ಟ್ರಾಮಿನ ಪ್ರಯಾಣದ ಕಾರ್ಡು) ಹತ್ತುವ ಮುಂಚೆ ಮುಟ್ಟಿಸಿದ ಹಾಗೆ ಇಳಿದ ಮೇಲೂ ಮುಟ್ಟಿಸಿ. ಬರುವಾಗಲೂ ಅಷ್ಟೇ, ಗಲಾಟೆಯಲ್ಲಿ ಮರೆತುಹೋಗುತ್ತದೆ.