ಹದಿನೈದು ವ್ಯಾಟ್‌ನೊಳಗೆ ಒಂದು ಸರ್ವರ್

ಮನೆಯವರ ಫೋಟೋ ಇಡಲು ಸದಾ ಆನ್ ಇರುವ ಒಂದು ಕಂಪ್ಯೂಟರ್, ಅದೇ ನನ್ನ ಸರ್ವರ್. ಮೊದಲ ಸರ್ವರ್‌ಗೆ ನಾನು ಒಂದು ರೂಪಾಯಿಯನ್ನೂ ಖರ್ಚು ಮಾಡಲಿಲ್ಲ. ಅಟ್ಟದ ಮೇಲೆ ಹಳೆಯ ಡೆಸ್ಕ್‌ಟಾಪ್ ಬಿದ್ದಿತ್ತು. 2011ರ ಕಾಲದ ಐ7-2600 ಪ್ರೊಸೆಸರ್, ಜೊತೆಗೊಂದು ಗ್ರಾಫಿಕ್ಸ್ ಕಾರ್ಡ್. ಗೂಗಲ್ ಫೋಟೋಸ್ 2021ರ ಜೂನ್‌ನಿಂದ ಲೆಕ್ಕವಿಲ್ಲದೆ ಫೋಟೋ ಇಡಲು ಬಿಡುವುದನ್ನು ನಿಲ್ಲಿಸಿತಲ್ಲ, ಆಮೇಲೆ ನಮ್ಮ ಮನೆಯವರ 15 ಜಿಬಿ ಒಬ್ಬೊಬ್ಬರದಾಗಿ ತುಂಬುತ್ತಾ ಬಂತು. ಡೆಸ್ಕ್‌ಟಾಪ್ ಕೆಳಗಿಳಿಸಿ, ಧೂಳು ಒರೆಸಿ, ಡೆಬಿಯನ್ ಲಿನಕ್ಸ್ ಹಾಕಿ, ಅದರ ಮೇಲೆ ಫೋಟೋ ಜೋಡಿಸಿಡುವ ಇಮ್ಮಿಚ್ ತಂತ್ರಾಂಶ ಕೂರಿಸಿದೆ. ಅಮ್ಮನ ಮೊಬೈಲಿನ ಫೋಟೋಗಳೆಲ್ಲ ತಾವಾಗೇ ಬಂದು ಬೀಳತೊಡಗಿದವು. ನನಗೋ ಭಾರೀ ಖುಷಿ.

ಮುಂದಿನ ತಿಂಗಳು ಮೆಸ್ಕಾಂ ಬಿಲ್ ಬಂತು. ಅಪ್ಪಯ್ಯ ಅದನ್ನು ಎರಡು ಸಲ ತಿರುಗಿಸಿ ನೋಡಿದರು. "ಎಂತದಾ ಇದು? ಸೊನ್ನೆ ಬರ್ತಿತ್ತಲ್ಲ?"

ಗೃಹಜ್ಯೋತಿಯ ಲೆಕ್ಕ ಗೊತ್ತಲ್ಲ. 200 ಯೂನಿಟ್ ಉಚಿತ ಅಂತ ಬಾಯಲ್ಲಿ ಹೇಳುತ್ತೇವೆ, ಆದರೆ ಪ್ರತಿ ಮನೆಗೂ ಅದರದೇ ಮಿತಿ ಇದೆ. ನಮ್ಮಂಥ ಮನೆಗಾದರೆ 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಉರಿಸಿದ್ದೆವೋ ಅಷ್ಟು, ಅದರ ಮೇಲೆ ಶೇಕಡಾ 10. ನಮ್ಮ ಸರಾಸರಿ 110. ಹಾಗಾಗಿ 121 ಯೂನಿಟ್‌ವರೆಗೆ ಸೊನ್ನೆ, ದಾಟಿದ್ದಕ್ಕೆ ದುಡ್ಡು. 200 ದಾಟಿದರಂತೂ ಪೂರ್ತಿ ಬಿಲ್ ನಮ್ಮ ತಲೆಗೆ.

ಒಂದು ವ್ಯಾಟ್‌ಮೀಟರ್ ತರಿಸಿ ಡೆಸ್ಕ್‌ಟಾಪ್‌ಗೆ ಸಿಕ್ಕಿಸಿದೆ. ಏನೂ ಮಾಡದೆ ಸುಮ್ನೆ ಕೂತಾಗಲೇ 70 ವ್ಯಾಟ್. ಸಾವಿರ ವ್ಯಾಟ್ ಒಂದು ಗಂಟೆ ಉರಿದರೆ ಒಂದು ಯೂನಿಟ್. ತಿಂಗಳಿಗೆ 720 ಗಂಟೆ, ಅಂದರೆ 50 ಯೂನಿಟ್. ಗ್ರಾಫಿಕ್ಸ್ ಕಾರ್ಡ್ ಕಿತ್ತರೆ 52ಕ್ಕೆ ಇಳಿಯಿತು. ಸಾಲದು. ನನಗೆ ಇದ್ದದ್ದು 11 ಯೂನಿಟ್ ಮಾತ್ರ. ಅದನ್ನು 720ರಿಂದ ಭಾಗಿಸಿದರೆ ಸುಮಾರು 15 ವ್ಯಾಟ್.

ಹೊಸ ಯಂತ್ರ ಹುಡುಕಲು ಇದೊಂದೇ ಅಳತೆಗೋಲು ಸಾಕಾಯಿತು. ಎಷ್ಟು ಕೋರ್, ಎಷ್ಟು ಗಿಗಾಹರ್ಟ್ಸ್ ಎಂಬ ತಲೆಬಿಸಿಯೇ ಇಲ್ಲ. ಮನೆಯ ಸರ್ವರ್ ದಿನದ 23 ಗಂಟೆ ಸುಮ್ಮನೆ ಕೂತಿರುತ್ತದೆ. ಹಾಗೆ ಕೂತಾಗ ಎಷ್ಟು ಕುಡಿಯುತ್ತದೆ ಅನ್ನುವುದೇ ಮುಖ್ಯ. ಪ್ರೊಸೆಸರ್ ಡಬ್ಬದ ಮೇಲಿನ ಟಿಡಿಪಿ ಎಂಬ ವ್ಯಾಟ್ ಲೆಕ್ಕ ಇದನ್ನು ಹೇಳುವುದಿಲ್ಲ. ಐ5-8500ಕ್ಕೆ 65 ವ್ಯಾಟ್, 8500ಟಿಗೆ 35 ಅಂತ ಬರೆದಿರುತ್ತದೆ. ಸುಮ್ಮನಿದ್ದಾಗ ಎರಡೂ ಹೆಚ್ಚು ಕಡಿಮೆ ಒಂದೇ. ಕೆಲಸ ಜೋರಾದಾಗ ಎಲ್ಲಿಗೆ ನಿಲ್ಲಬೇಕು ಅನ್ನುವುದಷ್ಟೇ ಬೇರೆ.

ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಯೋಚಿಸಿದೆ, ಮೆಮೊರಿ ಕಾರ್ಡ್ ನಂಬಿಕೊಂಡು ಮಕ್ಕಳ ಫೋಟೋ ಇಡಲು ಧೈರ್ಯ ಬರಲಿಲ್ಲ. ಹಳೆ ಲ್ಯಾಪ್‌ಟಾಪ್ ಒಳ್ಳೆಯ ಉಪಾಯವೇ, ಅದರ ಬ್ಯಾಟರಿಯೇ ಯುಪಿಎಸ್. ಆದರೆ ವರ್ಷಗಟ್ಟಲೆ ಚಾರ್ಜಿಗೆ ಹಾಕಿಟ್ಟ ಬ್ಯಾಟರಿ ಊದಿಕೊಂಡದ್ದನ್ನು ಕಣ್ಣಾರೆ ನೋಡಿದ್ದೇನೆ. ಕೊನೆಗೆ ಬೆಂಗಳೂರಿಗೆ ಹೋದಾಗ ಎಸ್.ಪಿ. ರೋಡಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಲೆನೊವೊ ಥಿಂಕ್‌ಸೆಂಟರ್ ಎಂ720ಕ್ಯೂ ಸಿಕ್ಕಿತು. ಕಚೇರಿಗಳಿಂದ ಹೊರಬಂದ ಮಾಲು. ದಪ್ಪ ಪುಸ್ತಕದಷ್ಟು ಡಬ್ಬ, ಒಳಗೆ 8500ಟಿ, 8 ಜಿಬಿ ರ‍್ಯಾಮ್. ಇನ್ನೊಂದು 8 ಜಿಬಿ ಅಲ್ಲೇ ಕೊಂಡೆ.

ಅದರಲ್ಲಿದ್ದ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ಡಿಸ್ಕ್) "ಹೊಸದೇ ಸಾರ್" ಅಂದಿದ್ದರು ಅಂಗಡಿಯವರು. ಮನೆಗೆ ಬಂದು ಡಿಸ್ಕಿನ ಆರೋಗ್ಯ ತೋರಿಸುವ ಸ್ಮಾರ್ಟ್‌ಸಿಟಿಎಲ್ ಓಡಿಸಿದರೆ 31,000 ಗಂಟೆ ಓಡಿದೆ! ಮೂರೂವರೆ ವರ್ಷ. ಅಂಗಡಿಯಲ್ಲೇ ಪೆನ್‌ಡ್ರೈವ್‌ನಿಂದ ಲಿನಕ್ಸ್ ಬೂಟ್ ಮಾಡಿ ನೋಡಬಹುದಿತ್ತು, ಹತ್ತು ನಿಮಿಷದ ಕೆಲಸ. ನಾಚಿಕೆಯಾಗಿ ಕೇಳಲಿಲ್ಲ. ಫ್ಯಾನಿನ ತುಂಬ ಧೂಳು, ಥರ್ಮಲ್ ಪೇಸ್ಟ್ ಒಣಗಿ ಸುಣ್ಣವಾಗಿತ್ತು. ಎರಡನ್ನೂ ಸರಿ ಮಾಡಿದ ಮೇಲೆ ಸದ್ದೇ ಇಲ್ಲ.

ಡಿಸ್ಕ್ ವಿಷಯಕ್ಕೆ ಬರೋಣ, ಹೆಚ್ಚು ತಲೆ ಕೆಡಿಸಿಕೊಂಡದ್ದು ಇಲ್ಲೇ. ಒಂದು ವಾರ ಪೂರ್ತಿ ಸಿಎಂಆರ್ ಬಗೆಯ ಹಾರ್ಡ್‌ಡಿಸ್ಕ್ ಬೇಕಾ, ಬರೆಯುವಾಗ ನಿಧಾನವಾಗುವ ಎಸ್‌ಎಂಆರ್ ನಡೆಯುತ್ತಾ ಅಂತ ಓದಿದೆ. ಆಮೇಲೆ ಹೊಳೆಯಿತು: ತಿರುಗುವ ಮೂರೂವರೆ ಇಂಚಿನ ಡಿಸ್ಕ್ ಒಂದೊಂದಕ್ಕೂ ನಾಲ್ಕೈದು ವ್ಯಾಟ್. ಎರಡು ಹಾಕಿದರೆ, ಯಂತ್ರದ್ದೂ ಸೇರಿ, ನನ್ನ ಹದಿನೈದು ಮುಗಿದೇ ಹೋಗುತ್ತದೆ. ಈ ಡಬ್ಬದಲ್ಲಿ ಅದಕ್ಕೆ ಜಾಗವೂ ಇಲ್ಲ. ಇರುವುದು ಒಂದು ಎಂ.2 ಸ್ಲಾಟ್, ಒಂದು ಎರಡೂವರೆ ಇಂಚಿನ ಜಾಗ. ನಮ್ಮ ಮನೆಯ ಫೋಟೋ, ವಿಡಿಯೋ ಎಲ್ಲ ತೂಗಿದರೆ 600 ಜಿಬಿ ಚಿಲ್ಲರೆ. ಎರಡು 1 ಟಿಬಿ ಎಸ್‌ಎಸ್‌ಡಿ ಕೊಂಡೆ, ಒಂದು ಎನ್‌ವಿಎಂಇ, ಇನ್ನೊಂದು ಅದಕ್ಕಿಂತ ನಿಧಾನದ ಸಾಟಾ. ಎರಡರಲ್ಲೂ ಒಂದೇ ಮಾಹಿತಿ ಇರುವಂತೆ ಜೋಡಿ ಮಾಡಿದೆ. ನಿಧಾನದ್ದರ ವೇಗವೇ ಜೋಡಿಯ ವೇಗ ಅಂತ ಗೆಳೆಯನೊಬ್ಬ ಆಕ್ಷೇಪ ತೆಗೆದ. ಮನೆಯ ಗಿಗಾಬಿಟ್ ಕೇಬಲ್ಲಿನಲ್ಲಿ ಸೆಕೆಂಡಿಗೆ 110 ಎಂಬಿ ದಾಟುವುದೇ ಕಷ್ಟ, ಸಾಟಾ ಡಿಸ್ಕ್ ಅದರ ನಾಲ್ಕು ಪಟ್ಟು ಕೊಡುತ್ತದೆ.

ಜೋಡಿ ಡಿಸ್ಕ್ ಬ್ಯಾಕಪ್ ಅಲ್ಲ. ಫೋಟೋ ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ. ಅದಕ್ಕೇ ಒಂದು ಯುಎಸ್‌ಬಿ ಹಾರ್ಡ್‌ಡಿಸ್ಕ್ ಇದೆ, ಭಾನುವಾರ ಸಿಕ್ಕಿಸಿ ನಕಲು ತೆಗೆದು ಕಪಾಟಿಗೆ ಹಾಕುತ್ತೇನೆ. ಅದು ಎಸ್‌ಎಂಆರ್. ಈ ಕೆಲಸಕ್ಕೆ ಧಾರಾಳ ಸಾಕು. ಇನ್ನೊಂದು ನಕಲು ಹುಬ್ಬಳ್ಳಿಯಲ್ಲಿ ಅಕ್ಕನ ಮನೆಯಲ್ಲಿದೆ.

ಎಲ್ಲ ಸೇರಿಸಿ ಮೀಟರ್ ನೋಡಿದರೆ 14 ವ್ಯಾಟ್. ಕರೆಂಟ್ ಉಳಿಸುವ ತಂತ್ರಾಂಶ ಪವರ್‌ಟಾಪ್‌ನ ಆಟೋ ಟ್ಯೂನ್ ಕೊಟ್ಟ ಮೇಲೆ 9ಕ್ಕೆ ಇಳಿಯಿತು. ಹೊರಗಿನಿಂದ ಫೋಟೋ ನೋಡಲು, ಮನೆಯ ಸರ್ವರ್‌ಗೆ ಖಾಸಗಿ ದಾರಿ ಮಾಡಿಕೊಡುವ ಟೇಲ್‌ಸ್ಕೇಲ್ ಹಾಕಿದ್ದೇನೆ. ನಮ್ಮ ಇಂಟರ್‌ನೆಟ್‌ನವರು ಸ್ವಂತ ಐಪಿ (ಇಂಟರ್‌ನೆಟ್ ವಿಳಾಸ) ಕೊಡುವುದಿಲ್ಲ, ಅದಕ್ಕೇ ಈ ದಾರಿ.

ಕರೆಂಟಿನ ಕಥೆ ಮಾತ್ರ ಮುಗಿದಿರಲಿಲ್ಲ. ಮನೆಯಲ್ಲಿ ಇನ್ವರ್ಟರ್ ಇದೆ, ಯುಪಿಎಸ್ ಯಾಕೆ ಅಂದುಕೊಂಡಿದ್ದೆ. ಕರೆಂಟ್ ಹೋದಾಗಲೆಲ್ಲ ಫ್ಯಾನ್, ಲೈಟಿಗೆ ಏನೂ ಆಗದು, ಸರ್ವರ್ ಮಾತ್ರ ರೀಸ್ಟಾರ್ಟ್. ವಾರದ ಮೇಲೆ ಇನ್ವರ್ಟರಿನ ಹಿಂದೆ ಇಣುಕಿದರೆ ಒಂದು ಪುಟ್ಟ ಸ್ವಿಚ್: ಒಂದು ಕಡೆ ಇಕೋ, ಇನ್ನೊಂದು ಕಡೆ ಯುಪಿಎಸ್. ಇಕೋದಲ್ಲಿ ಬ್ಯಾಟರಿಗೆ ಬದಲಾಗಲು ಸ್ವಲ್ಪ ಜಾಸ್ತಿ ಹೊತ್ತು ಹಿಡಿಯುತ್ತದೆ, ಕಂಪ್ಯೂಟರ್ ಅಷ್ಟು ತಡೆಯುವುದಿಲ್ಲ. ಸ್ವಿಚ್ ತಳ್ಳಿದೆ, ಅಷ್ಟೇ.

ಮಳೆಗಾಲದಲ್ಲಿ ಕರೆಂಟ್ ಎರಡು ದಿನ ಬಾರದೆ ಇನ್ವರ್ಟರ್ ಬ್ಯಾಟರಿಯೇ ಖಾಲಿಯಾದರೆ? ಕರೆಂಟ್ ಹೋಗಿದೆ ಅಂತ ಸರ್ವರ್‌ಗೆ ಹೇಳುವವರು ಯಾರು? ಇನ್ವರ್ಟರ್ ಲೈನ್ ಇಲ್ಲದ ಪ್ಲಗ್ ಪಾಯಿಂಟ್ ಒಂದಕ್ಕೆ ಅಗ್ಗದ ಸ್ಮಾರ್ಟ್ ಪ್ಲಗ್ ಹಾಕಿದೆ. ಸರ್ವರ್ ನಿಮಿಷಕ್ಕೊಮ್ಮೆ ಅದನ್ನು ಪಿಂಗ್ ಮಾಡುತ್ತದೆ, ಅಂದರೆ ಇದ್ದೀಯಾ ಅಂತ ಕೇಳುತ್ತದೆ. ಅರ್ಧ ಗಂಟೆ ಉತ್ತರ ಬರದಿದ್ದರೆ ತಾನಾಗೇ ಶಟ್‌ಡೌನ್. ಆ ಪ್ಲಗ್ಗೂ ಒಂದು ವ್ಯಾಟ್ ತಿನ್ನುತ್ತದೆ, ಅದೂ ಲೆಕ್ಕದಲ್ಲಿದೆ.

ತಿರುಗಿ ಆನ್ ಮಾಡಲು ಏನೇನೋ ಸ್ಕ್ರಿಪ್ಟ್ ಬರೆಯಲು ಹೊರಟಿದ್ದೆ. "ಬಟನ್ ಇಲ್ವನಾ ಇದಕ್ಕೆ?" ಅಂದರು ಅಪ್ಪಯ್ಯ. ಇದೆ. ಈಗ ಕರೆಂಟ್ ಬಂದರೆ ಅವರೇ ಒತ್ತುತ್ತಾರೆ. ಏಪ್ರಿಲ್-ಮೇ ತಿಂಗಳಲ್ಲಿ ಗುಡುಗು ಶುರುವಾದರೆ ಆರಿಸುವವರೂ ಅವರೇ. ಒಮ್ಮೆ ಒತ್ತಿ ಬಿಟ್ಟರೆ ಸರಿಯಾಗಿ ಶಟ್‌ಡೌನ್ ಆಗುತ್ತದೆ, ದೀಪ ಆರಿದ ಮೇಲೆ ಪ್ಲಗ್ ತೆಗೆಯಿರಿ ಅಂತ ಹೇಳಿಕೊಟ್ಟಿದ್ದೇನೆ. ಮೊದಲು ಟಿವಿ, ಆಮೇಲೆ ರೌಟರ್, ಕೊನೆಗೆ ಗೂಡಿನಲ್ಲಿರುವ ಈ ಡಬ್ಬ. ಅಕ್ಕ ಹುಬ್ಬಳ್ಳಿಯಿಂದ ಫೋನ್ ಮಾಡಿ "ಫೋಟೋ ಬರ್ತಿಲ್ಲ" ಅಂದರೆ ನಮ್ಮೂರು ಸಾಗರದಲ್ಲಿ ಗುಡುಗುತ್ತಿದೆ ಅಂತ ಅರ್ಥ.