ಕೊರಿಯನ್ ಪಾಠಕ್ಕೆ ಕನ್ನಡ ವ್ಯಾಕರಣ

ಕೊರಿಯನ್ ಕಲಿಸುತ್ತೇನೆ ಎಂದ ಕೂಡಲೇ ಬೆಂಗಳೂರಿನಲ್ಲಿ ಎದುರಾಗುವ ಮೊದಲ ಪ್ರಶ್ನೆ: ‘ಅವರೂ ಅಪ್ಪ, ಅಮ್ಮ ಎಂದೇ ಕರೆಯುತ್ತಾರಂತಲ್ಲ?’ ಹೌದು, ಅಲ್ಲಿನ ಮಕ್ಕಳು ಆಪ್ಪಾ, ಒಮ್ಮಾ ಎನ್ನುತ್ತಾರೆ. ಕೊರಿಯಾದಲ್ಲಿ ಶಿಕ್ಷಕರಾಗಿದ್ದ ಅಮೆರಿಕದ ಹೋಮರ್ ಹಲ್ಬರ್ಟ್ 20ನೇ ಶತಮಾನದ ಆರಂಭದಲ್ಲೇ ಕೊರಿಯನ್ ಮತ್ತು ದ್ರಾವಿಡ ಭಾಷೆಗಳ ವ್ಯಾಕರಣವನ್ನು ಹೋಲಿಸಿ ಬರೆದಿದ್ದರು. ಎರಡಕ್ಕೂ ನಂಟಿದೆ ಎಂಬ ಅವರ ವಾದವನ್ನು ಭಾಷಾವಿಜ್ಞಾನಿಗಳು ಒಪ್ಪಿಲ್ಲ. ನನಗಂತೂ ಆ ನಂಟಿನ ಗೊಡವೆಯೇ ಬೇಡ. ಕನ್ನಡದಲ್ಲೂ ಕೊರಿಯನ್‌ನಲ್ಲೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಪ್ರತ್ಯಯಗಳು ನಾಮಪದದ ಬೆನ್ನಿಗೆ ಅಂಟುತ್ತವೆ. ತರಗತಿಯಲ್ಲಿ ನನ್ನ ಬಂಡವಾಳ ಅಷ್ಟೇ.

ನಾನು ಕೊರಿಯನ್ ಕಲಿತದ್ದು ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನಲ್ಲಿ, ಚೀನಾ, ಜಪಾನ್, ವಿಯೆಟ್ನಾಂನ ಸಹಪಾಠಿಗಳ ನಡುವೆ. ಇಲ್ಲಿ ಸಿಗುವ ಪಠ್ಯಪುಸ್ತಕಗಳು ವ್ಯಾಕರಣವನ್ನು ಇಂಗ್ಲಿಷಿನಲ್ಲಿ ವಿವರಿಸುತ್ತವೆ. ಇಂಗ್ಲಿಷ್ ಮಾತನಾಡುವವನಿಗೆ ಕಷ್ಟವಾದದ್ದನ್ನು ಹತ್ತು ಪುಟ ಬಿಡಿಸಿ ಹೇಳಿ, ನಮ್ಮವರು ಎಡವುವ ಜಾಗವನ್ನು ಎರಡು ಸಾಲಿನಲ್ಲಿ ಮುಗಿಸುತ್ತವೆ. ನನ್ನ ತರಗತಿಗೆ ಬರುವವರಲ್ಲಿ ಕೆಲವರು ಧಾರಾವಾಹಿ, ಹಾಡುಗಳ ಹುಚ್ಚು ಹತ್ತಿಸಿಕೊಂಡ ಕಾಲೇಜು ವಿದ್ಯಾರ್ಥಿಗಳು, ಕೆಲವರು ಕೊರಿಯಾದ ಕಂಪನಿಗಳಲ್ಲಿ ದುಡಿಯುವವರು. ಯಾರೇ ಬರಲಿ, ಅವರ ಮಾತೃಭಾಷೆ ಯಾವುದೆಂದು ಮೊದಲೇ ಕೇಳಿ ಬರೆದುಕೊಳ್ಳುತ್ತೇನೆ. ನನ್ನ ಸಂಶೋಧನೆ ಶುರುವಾದದ್ದು ಆ ನೋಟ್‌ಬುಕ್ಕಿನಲ್ಲಿ. ಯಾರು, ಯಾವ ವಾಕ್ಯದಲ್ಲಿ, ಹೇಗೆ ತಪ್ಪಿದರು ಎಂದು ಭಾಷೆವಾರು ಬರೆದಿಡುತ್ತೇನೆ.

ಲಿಪಿ ಕಲಿಸುವುದು ಸಲೀಸು. ದೊರೆ ಸೆಜೊಂಗ್ 1443ರಲ್ಲಿ ರೂಪಿಸಿ 1446ರಲ್ಲಿ ಪ್ರಕಟಿಸಿದ ಹಂಗುಲ್‌ನಲ್ಲಿ ಇಂದು 14 ವ್ಯಂಜನ, 10 ಸ್ವರ ಮೂಲಾಕ್ಷರಗಳಿವೆ. ಅಕ್ಷರಗಳನ್ನು ಉಚ್ಚಾರಣೆಯ ಸ್ಥಾನಕ್ಕೆ ತಕ್ಕಂತೆ ವಿಂಗಡಿಸಲಾಗಿದೆ ಎಂದರೆ ಕ ವರ್ಗ, ತ ವರ್ಗ ಎಂದು ಬಾಯಿಪಾಠ ಮಾಡಿದವರು ಬೆರಗಾಗುವುದಿಲ್ಲ. ಅಲ್ಪಪ್ರಾಣದ ಅಕ್ಷರಕ್ಕೆ ಒಂದು ಗೆರೆ ಸೇರಿಸಿದರೆ ಮಹಾಪ್ರಾಣ. ದ ಅಕ್ಷರದ ಹೊಟ್ಟೆ ಸೀಳಿ ಧ ಬರೆದ ಕೈಗೆ ಇದರಲ್ಲಿ ಹೊಸದೇನಿಲ್ಲ. ಆದರೆ ಪದಗಳ ಪಕ್ಕದಲ್ಲಿ ಕನ್ನಡ ಅಕ್ಷರದಲ್ಲಿ ಉಚ್ಚಾರಣೆ ಗುರುತು ಹಾಕಿಕೊಳ್ಳಲು ನಾನು ಬಿಡುವುದಿಲ್ಲ. ಈ ಬರಹದಲ್ಲಿ ಬೇರೆ ದಾರಿಯಿಲ್ಲದೆ ಹಾಕುತ್ತಿದ್ದೇನೆ. ನನ್ನ ವಿದ್ಯಾರ್ಥಿಗಳು ಕ್ಷಮಿಸಲಿ.

ಲಿಪಿ ಬಂದ ಮೇಲೆ ಓದುವಾಗಿನ ಧ್ವನಿ ಬದಲಾವಣೆಗಳು ಎದುರಾಗುತ್ತವೆ. ಪುಸ್ತಕಗಳಲ್ಲಿ ಇವು ಉದ್ದುದ್ದದ ಪಟ್ಟಿಗಳಾಗಿರುತ್ತವೆ. ನಾನು ಪಟ್ಟಿ ಬಿಟ್ಟು ಹೈಸ್ಕೂಲಿನ ಸಂಧಿಗಳನ್ನು ಬೋರ್ಡಿನ ಮೇಲೆ ಬರೆಯುತ್ತೇನೆ. ಮಳೆ ಮತ್ತು ಕಾಲ ಸೇರಿ ಮಳೆಗಾಲ: ಆದೇಶ ಸಂಧಿ, ಕಕಾರ ಗಕಾರವಾಯಿತು. ಕೊರಿಯನ್‌ನಲ್ಲಿ ಮಾಂಸಕ್ಕೆ ‘ಕೊಗಿ’ ಎನ್ನುತ್ತಾರೆ. ಬರೆಯುವಾಗ ಎರಡೂ ಕಡೆ ಒಂದೇ ವ್ಯಂಜನ, ಸ್ವರಗಳ ನಡುವೆ ಸಿಕ್ಕಾಗ ಮಾತ್ರ ಅದು ಗಕಾರ. ಆಮೇಲೆ ವಾಕ್ ಮತ್ತು ಮಯ ಸೇರಿ ವಾಙ್ಮಯ, ಷಟ್ ಮತ್ತು ಮಾಸ ಸೇರಿ ಷಣ್ಮಾಸ: ಅನುನಾಸಿಕ ಸಂಧಿ. ‘ಹಾನ್‌ಗುಕ್’ ಎಂದರೆ ಕೊರಿಯಾ, ‘ಮಾಲ್’ ಎಂದರೆ ಮಾತು, ಎರಡೂ ಸೇರಿದರೆ ‘ಹಾನ್‌ಗುಙ್‌ಮಾಲ್’. ಬೋರ್ಡಿನಲ್ಲಿ ವಾಙ್ಮಯದ ಕೆಳಗೆ ಇದನ್ನು ಬರೆದಾಗ, ಪರೀಕ್ಷೆಗೆಂದು ಉರುಹೊಡೆದು ಮರೆತಿದ್ದ ಸಂಧಿ ಪ್ರಕರಣ ಮುಂದಿನ ಬೆಂಚಿನವರ ಮುಖದ ಮೇಲೆ ಮತ್ತೆ ಹಾದುಹೋಗುವುದು ಕಾಣುತ್ತದೆ. ನನ್ನ ಕನ್ನಡ ಮೇಷ್ಟರು ಇದನ್ನು ನೋಡಬೇಕಿತ್ತು.

ಕ್ರಿಯಾಪದದ ಪಾಠ ಇನ್ನೂ ಸಲೀಸು. ‘ಮೊಗೊ ಬೊಸೆಯೊ’ ಎಂದರೆ ತಿಂದು ನೋಡಿ. ‘ನೋಡು’ ಎಂಬ ಕ್ರಿಯಾಪದವೇ ಅಲ್ಲಿಯೂ ‘ಪ್ರಯತ್ನಿಸು’ ಎಂಬ ಕೆಲಸ ಮಾಡುತ್ತದೆ. ಹೋಗಿಬಿಟ್ಟ, ಬರೆದಿಡು, ಮಾಡಿಕೊಡು, ಮೂರಕ್ಕೂ ಅದೇ ಅಚ್ಚಿನ ರೂಪಗಳಿವೆ. ಇಂಗ್ಲಿಷ್ ವಿವರಣೆಯಲ್ಲಿ ಇವು ಮೂರು ಬೇರೆ ಬೇರೆ ಅಧ್ಯಾಯ. ಕನ್ನಡದಲ್ಲಿ ಒಂದೇ ತರಗತಿಯಲ್ಲಿ ಮುಗಿಯುತ್ತವೆ. ‘ನಾನು ನೋಡಿದ ಸಿನಿಮಾ’ ಎಂಬ ರಚನೆಯೂ ಹಾಗೆಯೇ, ಪದದ ಜಾಗಕ್ಕೆ ಪದ ಇಟ್ಟರೆ ಸಾಕು. ನಮ್ಮ ‘ಕೊಳ್ಳು’ ಮಾತ್ರ ಅನಾಥ. ಮಾಡಿಕೊಂಡೆ, ಹಾಕಿಕೊಂಡೆ ಎಂಬುದಕ್ಕೆ ಅಲ್ಲಿ ಜೋಡಿಯಿಲ್ಲ ಎಂದು ಮೊದಲೇ ಎಚ್ಚರಿಸುತ್ತೇನೆ.

ಹೀಗೆ ಉಳಿಸಿದ ಸಮಯವನ್ನೆಲ್ಲ ಎರಡು ಕಡೆ ಖರ್ಚು ಮಾಡುತ್ತೇನೆ. ಒಂದು, ‘ನನಗೆ’. ನಮಗೆ ಹಸಿವಾಗುವುದು, ಬೇಕಾಗುವುದು, ಇಷ್ಟವಾಗುವುದು ಎಲ್ಲವೂ ‘ನನಗೆ’. ಕೊರಿಯನ್‌ನಲ್ಲಿ ಕಾಫಿ ಇಷ್ಟ ಎನ್ನಲು ‘ನಾನು’ ಎಂಬುದಕ್ಕೆ ‘ನುನ್’ ಸೇರಿಸಿ ಶುರು ಮಾಡಬೇಕು, ಚತುರ್ಥಿಗೆ ಅಲ್ಲಿ ಜಾಗವಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಅತಿ ಹೆಚ್ಚು ಪುಟ ತಿಂದಿರುವ ತಪ್ಪು ಇದೇ. ಕನ್ನಡ, ತಮಿಳು, ತೆಲುಗಿನವರ ಜೊತೆಗೆ ಹಿಂದಿಯವರೂ ಇದನ್ನೇ ಮಾಡುತ್ತಾರೆ. ಸೋಲ್‌ನ ನನ್ನ ಜಪಾನಿ ಸಹಪಾಠಿಗಳಿಗೆ ಈ ತೊಡಕೇ ಇರಲಿಲ್ಲ; ಅವರ ಭಾಷೆಯಲ್ಲೂ ಹಾಗೇ ಹೇಳುವುದು. ಇನ್ನೊಂದು ಸೂಕ್ಷ್ಮವಿದೆ. ಬೇರೆಯವರ ಮನಸ್ಸಿನ ಮಾತು ಬಂದಾಗ ಕೊರಿಯನ್ನರು ಕ್ರಿಯಾಪದವನ್ನೇ ಬದಲಿಸುತ್ತಾರೆ. ನನಗೆ ಭಯ ಎನ್ನುವ ರೂಪದಲ್ಲಿ ಅವನಿಗೆ ಭಯ ಎನ್ನುವಂತಿಲ್ಲ. ಅವನು ಭಯಪಡುತ್ತಾನೆ ಎಂದು, ಹೊರಗಿನಿಂದ ಕಂಡಷ್ಟನ್ನೇ ಹೇಳಬೇಕು. ಈ ಶಿಸ್ತು ನನಗೆ ಬಹಳ ಹಿಡಿಸಿತು.

ಕರ್ತೃಪದಕ್ಕೆ ಅಂಟುವ ‘ಇ/ಗಾ’ ಮತ್ತು ಯಾವುದರ ಬಗ್ಗೆ ಮಾತು ಎಂದು ತೋರಿಸುವ ‘ಉನ್/ನುನ್’ ಪ್ರತ್ಯಯಗಳ ವ್ಯತ್ಯಾಸಕ್ಕೆ ಅಜ್ಜಿ ಕಥೆಯ ಮೊದಲ ಎರಡು ಸಾಲು ಸಾಕು. ‘ಒಂದೂರಿನಲ್ಲಿ ಒಬ್ಬ ರಾಜನಿದ್ದ’, ಇಲ್ಲಿ ರಾಜನಿಗೆ ‘ಇ’. ‘ಆ ರಾಜ ಬಹಳ ಜಿಪುಣ’, ಇಲ್ಲಿ ‘ಉನ್’. ‘ಒಬ್ಬ’ ಹೋಗಿ ‘ಆ’ ಬಂದ ಕಡೆ ಪ್ರತ್ಯಯವೂ ಬದಲಾಯಿತು. ಪೂರ್ತಿ ನಿಯಮ ಇದಲ್ಲ, ಆದರೆ ಶುರು ಮಾಡಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ.

ಸಮಯ ಖರ್ಚಾಗುವ ಎರಡನೆಯ ಕಡೆ, ಕಿವಿ. ಚಂದ್ರ, ಮಗಳು, ಮುಖವಾಡ, ಈ ಮೂರಕ್ಕೂ ಕೊರಿಯನ್‌ನಲ್ಲಿ ಇರುವ ಪದಗಳನ್ನು ಕನ್ನಡ ಕಿವಿ ‘ತಾಲ್’ ಎಂದೇ ಕೇಳಿಸಿಕೊಳ್ಳುತ್ತದೆ. ಮೊದಲನೆಯದು ಸಾದಾ ವ್ಯಂಜನ, ಎರಡನೆಯದು ಗಂಟಲು ಬಿಗಿದು ಹೇಳುವಂಥದ್ದು, ಮೂರನೆಯದು ಮಹಾಪ್ರಾಣ. ಬಿಗಿ ವ್ಯಂಜನ ನಮ್ಮ ‘ತಲೆ’ಯ ತಕಾರಕ್ಕೆ ಹತ್ತಿರ, ಅದು ಬೇಗ ಬರುತ್ತದೆ. ತೊಂದರೆ ಇರುವುದು ಚಂದ್ರ ಮತ್ತು ಮುಖವಾಡದ ನಡುವೆ. ಹೆಚ್ಚು ಉಸಿರು ಬಿಡಿ, ಕಡಿಮೆ ಬಿಡಿ ಎಂದು ಹೇಳಿ ಪ್ರಯೋಜನವಿಲ್ಲ. ಸೋಲ್‌ನ ಯುವಜನರ ಮಾತಿನಲ್ಲಿ ಪದದ ಆರಂಭದ ಈ ಎರಡು ವ್ಯಂಜನಗಳ ಉಸಿರಿನ ಅಂತರ ತೀರ ಕಡಿಮೆಯಾಗಿ, ಶ್ರುತಿಯೇ ಗುರುತಾಗಿಬಿಟ್ಟಿದೆ ಎಂದು ಧ್ವನಿಶಾಸ್ತ್ರದ ಅಧ್ಯಯನಗಳು ತೋರಿಸಿವೆ. ಚಂದ್ರ ತಗ್ಗಿನಲ್ಲಿ ಶುರುವಾಗುತ್ತದೆ, ಮುಖವಾಡ ಏರಿನಲ್ಲಿ.

ಇದನ್ನು ತೋರಿಸಲು ಆಮ್‌ಸ್ಟರ್‌ಡ್ಯಾಂ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಪ್ರಾತ್ ಎಂಬ ಉಚಿತ ತಂತ್ರಾಂಶ ಬಳಸುತ್ತೇನೆ. ಕೊರಿಯನ್ ಗೆಳತಿಯೊಬ್ಬಳಿಂದ ಈ ಪದಗಳನ್ನು ಹೇಳಿಸಿ ಧ್ವನಿಮುದ್ರಿಸಿಕೊಂಡಿದ್ದೇನೆ. ಪರದೆಯ ಮೇಲೆ ಅವಳ ಶ್ರುತಿಯ ನೀಲಿ ಗೆರೆ, ಅದರ ಕೆಳಗೆ ವಿದ್ಯಾರ್ಥಿಯದು. ಕಿವಿಗೆ ನಿಲುಕದ್ದು ಕಣ್ಣಿಗೆ ಕಾಣುತ್ತದೆ. ವಿದ್ಯಾರ್ಥಿಯ ಎರಡೂ ಗೆರೆಗಳು ಒಂದೇ ಎತ್ತರದಲ್ಲಿ ಮಲಗಿರುತ್ತವೆ. ಮೊದಲು ಪದವಿಲ್ಲದೆ ಬರೀ ಗುನುಗಲು ಹೇಳುತ್ತೇನೆ: ತಗ್ಗು, ಏರು, ತಗ್ಗು. ಆಮೇಲೆ ಅದೇ ಎತ್ತರಕ್ಕೆ ಪದ ಕೂರಿಸುವುದು. ಸಂಗೀತ ಕಲಿತವರು ಇಲ್ಲಿ ಬೇಗ ದಾಟುತ್ತಾರೆ ಎಂಬುದು ನನ್ನ ಅನುಮಾನ, ಅಳೆದು ನೋಡಿದ ತೀರ್ಮಾನವಲ್ಲ.

ಪದದ ಕೊನೆಯದು ಬೇರೆಯೇ ಕಥೆ. ಬಸ್ಸು, ಕಾರು ಎಂದು ಕೊನೆಗೊಂದು ಉಕಾರ ಕೊಡದೆ ನಮಗೆ ಸಮಾಧಾನವಿಲ್ಲ. ಅನ್ನಕ್ಕೆ ಇರುವ ‘ಪಾಪ್’ ನಮ್ಮ ಬಾಯಲ್ಲಿ ‘ಪಾಪು’ ಆಗುತ್ತದೆ. ತುಟಿ ಮುಚ್ಚಿ ಅಲ್ಲೇ ನಿಲ್ಲಿಸಿ, ತೆರೆಯಬೇಡಿ ಎಂದು ಹೇಳುತ್ತಲೇ ಇರಬೇಕು. ತಮಾಷೆಯೆಂದರೆ ಬಸ್ ಎಂಬ ಪದಕ್ಕೆ ಕೊರಿಯನ್ನರೂ ಕೊನೆಗೊಂದು ಸ್ವರ ಸೇರಿಸಿಯೇ ಹೇಳುವುದು.

ಕೊರಿಯನ್ ಭಾಷಾ ಸಾಮರ್ಥ್ಯ ಅಳೆಯುವ ಟೋಪಿಕ್ ಪರೀಕ್ಷೆಗೆ ಕೂರುವವರ ಪಾಡು ಇನ್ನೊಂದು ಬಗೆ. ಅದರ ಮೇಲಿನ ಹಂತವಾದ ಟೋಪಿಕ್ 2ರ ಕೊನೆಯ ಬರವಣಿಗೆಯ ಪ್ರಶ್ನೆಗೆ, ಚೌಕಳಿ ಕಾಗದದಲ್ಲಿ 600ರಿಂದ 700 ಅಕ್ಷರಗಳ ಪ್ರಬಂಧ ಬರೆಯಬೇಕು. ಮಾತಿನ ‘ಯೊ’ ರೂಪಗಳು ಅಲ್ಲಿ ಸಲ್ಲುವುದಿಲ್ಲ, ‘ದಾ’ಕಾರಾಂತ ಬರಹ ರೂಪವೇ ಆಗಬೇಕು. ‘ಮಾಡ್ತೀನಿ’ ಎಂದು ಮಾತನಾಡಿ ‘ಮಾಡುತ್ತೇನೆ’ ಎಂದು ಬರೆಯುವ ನಮಗೆ ಇದು ಒಂದೇ ಮಾತಿನಲ್ಲಿ ಅರ್ಥವಾಗುತ್ತದೆ. ಕಾಡುವುದು ಪದಸಂಪತ್ತು. ಪ್ರಬಂಧಕ್ಕೆ ಬೇಕಾದ ಪದಗಳಲ್ಲಿ ಹೆಚ್ಚಿನವು ಚೀನಿ ಮೂಲದವು, ಚೀನಾ ಮತ್ತು ಜಪಾನಿನವರಿಗೆ ಅರ್ಧ ಪರಿಚಿತ, ನಮಗೆ ಪೂರ್ತಿ ಹೊಸದು. ಅದಕ್ಕೆ ಬೇರುಗಳ ಪಟ್ಟಿ ಮಾಡಿಸುತ್ತೇನೆ. ‘ಹಾಕ್’ ಎಂದರೆ ಕಲಿಕೆ. ಅದರಿಂದ ವಿದ್ಯಾರ್ಥಿ, ಶಾಲೆ, ವಿಶ್ವವಿದ್ಯಾಲಯ, ವಿಜ್ಞಾನ ಎಂಬ ಪದಗಳು ಕವಲೊಡೆಯುತ್ತವೆ. ಬೌದ್ಧರ ಜೊತೆ ಚೀನಾ ದಾಟಿ ಹೋದ ನಮ್ಮ ಪದಗಳೂ ಅಲ್ಲಿವೆ. ಕ್ಷಣ ‘ಛಲ್ಲಾ’ ಆಗಿದೆ, ನಿರ್ವಾಣ ‘ಯೊಲ್ಬಾನ್’ ಆಗಿದೆ. ಪಟ್ಟಿಯಲ್ಲಿ ಇವನ್ನು ಎಲ್ಲರೂ ಮೊದಲ ದಿನವೇ ಕಲಿಯುತ್ತಾರೆ. ಪರಿಸರ ಮಾಲಿನ್ಯದ ಮೇಲೆ ಪ್ರಬಂಧ ಬರೆಯುವಾಗ ನಿರ್ವಾಣದಿಂದ ಏನೂ ಉಪಯೋಗವಿಲ್ಲ.