37 ಪಾಯಿಂಟ್ ಸೋಲಿನಲ್ಲಿ ನಿಮ್ಮ ಹುಡುಗನ ಪಾಲೆಷ್ಟು? ಲೆಕ್ಕ ಹಾಕೋದು ಹೀಗೆ

ಹೋದ ತಿಂಗಳು ನಮ್ಮ ಹಾಸನದ ಹುಡುಗರು ಚಿಕ್ಕಮಗಳೂರಿಗೆ ಹೋಗಿ ಬಾಸ್ಕೆಟ್‌ಬಾಲ್ ಮ್ಯಾಚನ್ನು 71-34ರಲ್ಲಿ ಸೋತು ಬಂದರು. ಅಕ್ಕನ ಮಗ ಪಾಯಿಂಟ್ ಗಾರ್ಡ್, ಅಂದರೆ ಚೆಂಡನ್ನು ಮುಂದೆ ತಂದು ಆಟ ನಡೆಸೋನು. ಹೊಡೆದದ್ದು ಆರೇ ಪಾಯಿಂಟ್. ಬೇಲೂರು ದಾಟೋವರೆಗೂ ಬಸ್ಸಿನಲ್ಲಿ ಎಲ್ಲರೂ ಅವನನ್ನೇ ಗೋಳು ಹೊಯ್ದುಕೊಂಡರು. ನನ್ನ ನೋಟ್‌ಬುಕ್ಕಿನ ಲೆಕ್ಕವೇ ಬೇರೆ ಇತ್ತು.

ಮಾಡೋದು ಸುಲಭ. ಹುಡುಗ ಕೋರ್ಟಿಗೆ ಇಳಿದಾಗ ಸ್ಕೋರ್ ಬರೆಯಿರಿ, ಹೊರಗೆ ಬಂದಾಗ ಇನ್ನೊಮ್ಮೆ. ಅಷ್ಟರೊಳಗೆ ನಮ್ಮವರು ಹೊಡೆದದ್ದರಲ್ಲಿ ಎದುರಿನವರು ಹೊಡೆದದ್ದನ್ನು ಕಳೆಯಿರಿ. ಬಾಸ್ಕೆಟ್ ಯಾರು ಹಾಕಿದರು ಅನ್ನೋದು ಇಲ್ಲಿ ಬೇಡ. ಇದೇ ಪ್ಲಸ್-ಮೈನಸ್.

ನಮ್ಮವನು 0-0 ಇದ್ದಾಗ ಇಳಿದ, 9-12 (ನಮ್ಮ ಪಾಯಿಂಟ್ ಮೊದಲು) ಆದಾಗ ಕೂತ. ಮೈನಸ್ 3. ಮತ್ತೆ 9-20ರಿಂದ 17-27. ಪ್ಲಸ್ 1. ಕೊನೆಗೆ 19-38ರಿಂದ 27-52. ಮೈನಸ್ 6. ಒಟ್ಟು 23 ನಿಮಿಷಕ್ಕೆ ಮೈನಸ್ 8. ಅವನು ಬೆಂಚಿನಲ್ಲಿದ್ದ 17 ನಿಮಿಷಕ್ಕೆ ಮೈನಸ್ 29!

9-12 ಇದ್ದದ್ದು 9-20 ಆಗಿದ್ದನ್ನು ಕಣ್ಣಾರೆ ಕಂಡೆ. ಚೆಂಡನ್ನು ಮುಂದೆ ತರೋರೇ ಇಲ್ಲ. ಅರ್ಧ ಕೋರ್ಟ್ ದಾಟೋ ಮೊದಲೇ ಕಿತ್ತುಕೊಳ್ಳೋರು, ಸುಮ್ನೆ ಓಡಿ ಬುಟ್ಟಿ ಹತ್ತಿರದಿಂದಲೇ ಲೇಅಪ್ ಹಾಕೋರು. ನಾಲ್ಕು ಸಲ ಅದೇ. ಇಂಥದ್ದನ್ನು ಪಕ್ಕದಲ್ಲೇ ಬರೆದಿಡಿ. ಬರೀ ಅಂಕಿ ನೋಡಿದರೆ ಏನೂ ತಿಳಿಯಲ್ಲ.

ಕೊನೆಯ ಆರು ನಿಮಿಷ ಎರಡೂ ಕಡೆ ಬೆಂಚಿನವರೇ ಆಡಿದರು. ಅಲ್ಲಿ ಒಂದು ಗೆರೆ ಎಳೆದು ಬೇರೆ ಇಡಿ. ಆ ಮೈನಸ್ 12 ಬಿಟ್ಟರೂ, ಅವನಿಲ್ಲದ 11 ನಿಮಿಷಕ್ಕೆ ಮೈನಸ್ 17. ಹಾಗಂತ ಒಂದೇ ಮ್ಯಾಚ್ ನೋಡಿ ಅವನನ್ನು ಹೊತ್ತು ಮೆರೆಸಬೇಡಿ. ಜೊತೆಗೆ ಯಾರು ಆಡುತ್ತಿದ್ದರು ಅನ್ನೋದೂ ಮುಖ್ಯ, ಅಲ್ವಾ?

ಆಡದೇ ಇದ್ದವನಿಗೆ ಈ ಲೆಕ್ಕದಲ್ಲಿ ಜಾಗವೇ ಇಲ್ಲ. 2021ರ ಡಿಸೆಂಬರ್ 2ರಂದು ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಒಕ್ಲಹೋಮಾ ಸಿಟಿ ಥಂಡರ್ ತಂಡ ಮೆಂಫಿಸ್ ಗ್ರಿಜ್ಲೀಸ್ ಎದುರು 152-79ರಲ್ಲಿ ಸೋತಿತು. ಥಂಡರ್‌ನ ಮುಖ್ಯ ಆಟಗಾರ ಶೇ ಗಿಲ್ಜಸ್-ಅಲೆಕ್ಸಾಂಡರ್ ಅಂದು ಆಡಿರಲೇ ಇಲ್ಲ. ಅವನ ಮುಂದೆ ಯಾವ ಅಂಕಿಯೂ ಬರಲ್ಲ.

ಲೆಕ್ಕ ಸರಿಯಾಗಿದೆಯಾ ಅಂತ ನೋಡೋಕೆ ಎಲ್ಲರದ್ದೂ ಕೂಡಿಸಿ. ಕೋರ್ಟಿನಲ್ಲಿ ಯಾವಾಗಲೂ ಐದು ಜನ, ಹಾಗಾಗಿ ಮೊತ್ತ ಸೋಲಿನ ಅಂತರದ ಐದು ಪಟ್ಟು ಇರಬೇಕು. ಥಂಡರ್‌ಗೆ ಮೈನಸ್ 365, ನಮಗೆ ಮೈನಸ್ 185. ನನಗೆ ಮೊದಲು ಬಂದದ್ದು ಮೈನಸ್ 179. ಹುಡುಕಿದರೆ, ಮೂರನೇ ಕ್ವಾರ್ಟರ್‌ನಲ್ಲಿ ಒಬ್ಬ ಇಳಿದದ್ದನ್ನೇ ಬರೆದಿರಲಿಲ್ಲ. ಆ ಹೊತ್ತಿನಲ್ಲಿ ನಾನು ಚುರುಮುರಿ ತಿನ್ನುತ್ತಿದ್ದೆ.